ಸವೆದಿಲ್ಲ, ಆದರೆ ವಯಸ್ಸಾಗಿದೆ: ಹಳೇ ಟೈರಿನ ಬೈಕ್ ಹೊರಗೆ ತೆಗೆಯುವ ಮುಂಚೆ

ಮೂರು ವರ್ಷ ಷೆಡ್ಡಿನಲ್ಲಿ ನಿಂತಿದ್ದ ಬೈಕನ್ನು ಹೊರಗೆ ತೆಗೆದ ದಿನ ನಾನು ಎಲ್ಲವನ್ನೂ ನೋಡಿದ್ದೆ. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದೆ. ಆಯಿಲ್ ಬದಲಾಯಿಸಿದೆ. ಬ್ಯಾಟರಿ ಚಾರ್ಜ್ ಮಾಡಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ಕೊನೆಗೆ ಟೈರಿಗೆ ಗಾಳಿ ಹೊಡೆದು ಕಾಲಲ್ಲಿ ಒಂದು ಒದ್ದೆ. ಕಲ್ಲಿನ ಹಾಗಿತ್ತು. ಭಲೇ ಗಟ್ಟಿಯಾಗಿದೆ ಅಂತ ಖುಷಿಪಟ್ಟೆ. ರಸ್ತೆ ತಾಕುವ ಭಾಗದಲ್ಲಿ ಅಚ್ಚಾಗಿರುವ ಗೀರುಗಳೂ ಆಳವಾಗಿದ್ದವು. ಜಾಸ್ತಿ ಓಡಿಸಿಯೇ ಇರಲಿಲ್ಲವಲ್ಲ!

ಕಲ್ಲಿನ ಹಾಗಿದ್ದದ್ದೇ ತೊಂದರೆ ಅಂತ ಗೊತ್ತಾಗಲು ಅರ್ಧ ಗಂಟೆ ಸಾಕಾಯಿತು. ನಾಲ್ಕು ಹನಿ ಬಿದ್ದು ರಸ್ತೆ ಒದ್ದೆಯಾಗಿತ್ತು. ಎಡಕ್ಕೊಂದು ತಿರುವು, ಸ್ಪೀಡ್ 30 ಕೂಡ ಇರಲಿಲ್ಲ. ಬ್ರೇಕ್ ಮುಟ್ಟಿರಲಿಲ್ಲ, ಆಕ್ಸಿಲರೇಟರ್ ತಿರುಗಿಸಿರಲಿಲ್ಲ. ಹಿಂದಿನ ಚಕ್ರ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿದ ಹಾಗೆ ಸರ್‍ರಂತ ಹೊರಗೆ ಹೋಯಿತು. ಮೊಣಕಾಲು ತರಚಿತು, ಇಂಡಿಕೇಟರ್ ಮುರಿಯಿತು. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ, ಹಾಗಾಗಿ ಅಷ್ಟಕ್ಕೇ ಮುಗಿಯಿತು.

ಮನೆಗೆ ಬಂದು ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದೆ. ಉಗುರೇ ಬಾಗಿತು. ರಬ್ಬರಿನ ಮೇಲೆ ಗುರುತು ಕೂಡ ಬೀಳಲಿಲ್ಲ.

ಸವೆದು ಬೋಳಾದ ಟೈರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ದಾರಿಯಲ್ಲಿ ಹೋಗುವವರೂ ಹೇಳಿಬಿಡುತ್ತಾರೆ. ನಿಂತಲ್ಲೇ ಹಳೆಯದಾದ ಟೈರ್ ಹಾಗಲ್ಲ, ನೋಡಲು ಹೊಸದರಂತೆಯೇ ಇರುತ್ತದೆ. ಅದನ್ನು ಪತ್ತೆ ಹಚ್ಚುವುದು ಹೇಗೆ, ಪತ್ತೆಯಾದ ಮೇಲೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಒಂದು ಟಾರ್ಚು, ಹಳೇ ಬ್ರಷ್ಷು, ಗಾಳಿ ಅಳೆಯುವ ಗೇಜು ಹತ್ತಿರ ಇಟ್ಟುಕೊಳ್ಳಿ.

ಓಡಿಸದಿದ್ದರೂ ಹಾಳಾಗುತ್ತದಾ?

ಆಗುತ್ತದೆ. ಎಷ್ಟೋ ಸಲ ಓಡಿಸದೇ ಇರುವುದರಿಂದಲೇ ಬೇಗ ಹಾಳಾಗುತ್ತದೆ.

ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದರೆ ಅದು ಗಟ್ಟಿಯೂ ಆಗುತ್ತದೆ, ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತೆಯೂ ಆಗುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಉಪಾಯ ಅದು, ಇವತ್ತಿಗೂ ಟೈರ್ ಆಗುವುದು ಹಾಗೆಯೇ. ಆದರೆ ಫ್ಯಾಕ್ಟರಿಯಿಂದ ಹೊರಗೆ ಬಂದ ಮಾತ್ರಕ್ಕೆ ರಬ್ಬರ್ ಬದಲಾಗುವುದು ನಿಲ್ಲುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಜೋನ್, ಬಿಸಿಲು, ಬಿಸಿ ಎಲ್ಲ ಸೇರಿ ಅದನ್ನು ನಿಧಾನಕ್ಕೆ ಗಟ್ಟಿ ಮಾಡುತ್ತಾ ಹೋಗುತ್ತವೆ. ಮೆದುವಾಗಿರಲಿ ಅಂತ ಬೆರೆಸಿದ್ದ ಎಣ್ಣೆಯ ಅಂಶವೂ ಕಡಿಮೆಯಾಗುತ್ತದೆ.

ಇದನ್ನು ತಡೆಯಲೆಂದೇ ಟೈರಿನೊಳಗೆ ಮೇಣ ಮತ್ತು ಓಜೋನ್ ತಡೆಯುವ ರಾಸಾಯನಿಕ ಸೇರಿಸಿರುತ್ತಾರೆ. ಗಾಡಿ ಓಡುವಾಗ ಟೈರ್ ಬಾಗಿ ಬಳುಕಿ ಬಿಸಿಯಾಗುತ್ತದಲ್ಲ, ಆಗ ಇವು ಒಳಗಿನಿಂದ ಹೊರಗೆ ಜಿನುಗಿ ಮೇಲೊಂದು ತೆಳು ಪದರ ಕಟ್ಟುತ್ತವೆ. ನಿಂತ ಗಾಡಿಯಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದಿನಾ ಓಡುವ ಟೈರಿಗಿಂತ ಮೂಲೆಯಲ್ಲಿ ನಿಂತ ಟೈರಿನ ಚರ್ಮ ಮೊದಲು ಬಿರಿಯುವುದುಂಟು. ಕೆಲವು ಟೈರ್‌ಗಳ ಪಕ್ಕೆಯಲ್ಲಿ ಕಂದು ಬಣ್ಣದ ಛಾಯೆ ಕಾಣುತ್ತದೆ, ನೋಡಿದ್ದೀರಾ? ಅದು ಕೊಳೆಯಲ್ಲ, ಹೊರಗೆ ಬಂದ ಆ ರಾಸಾಯನಿಕವೇ. ಅದನ್ನು ಕಂಡು ಹೆದರಬೇಕಿಲ್ಲ, ಉಜ್ಜಿ ಉಜ್ಜಿ ತೆಗೆಯಲೂಬೇಡಿ.

ಕಾರಿಗೆ ನಾಲ್ಕು ಟೈರ್. ಒಂದು ಜಾರಿದರೂ ಉಳಿದ ಮೂರು ಹಿಡಿದುಕೊಳ್ಳುತ್ತವೆ. ಬೈಕಿಗೆ ನೆಲ ತಾಕುವುದು ಎರಡೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ತಿರುವಿನಲ್ಲಿ ಗಾಡಿ ವಾಲಿದಾಗ ಟೈರಿನ ಅಂಚು ನೆಲಕ್ಕೆ ಬರುತ್ತದೆ. ನೇರ ರಸ್ತೆಯಲ್ಲೇ ಓಡಿದ ಗಾಡಿಯಲ್ಲಿ ಆ ಅಂಚು ಸವೆದೇ ಇರುವುದಿಲ್ಲ. ಅಂದರೆ ಅಲ್ಲಿರುವುದು ವರ್ಷಗಟ್ಟಲೆ ಒಣಗಿದ ಹಳೇ ಮೇಲ್ಪದರ. ನನ್ನನ್ನು ಬೀಳಿಸಿದ್ದು ಅದೇ ಇರಬೇಕು.

ಮೊದಲು ಹುಟ್ಟಿದ ದಿನ ಹುಡುಕಿ

ಟೈರ್ ತಯಾರಾದ ವಾರ ಮತ್ತು ವರ್ಷ ಅದರ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 'ಡಿಒಟಿ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು. ಕೆಲವು ಟೈರ್‌ಗಳಲ್ಲಿ ಆ ಅಕ್ಷರಗಳಿರುವುದಿಲ್ಲ, ಮೊಟ್ಟೆಯಾಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಮಾತ್ರ ಇರುತ್ತವೆ. ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ, ಅಂದರೆ ಜೂನ್ ಆರಂಭ.

ಹೇಳಿದಷ್ಟು ಸುಲಭಕ್ಕೆ ಅದು ಸಿಗುವುದಿಲ್ಲ. ಪೂರ್ತಿ ಅಂಕಿ ಒಂದೇ ಪಕ್ಕೆಯಲ್ಲಿ ಇರುವುದುಂಟು, ಅದು ಚೈನ್ ಇರುವ ಕಡೆಗೋ ಸೈಲೆನ್ಸರ್ ಕಡೆಗೋ ತಿರುಗಿಕೊಂಡಿರುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಬೆರಳು ಚೈನಿನ ಹತ್ತಿರ ಹೋಗದಿರಲಿ. ಮಣ್ಣು ಮೆತ್ತಿದ್ದರೆ ಬ್ರಷ್ಷಿನಲ್ಲಿ ಉಜ್ಜಿ, ಮೇಲೆ ಸೀಮೆಸುಣ್ಣ ಒರೆಸಿ. ಅಕ್ಷರ ಎದ್ದು ಕಾಣುತ್ತದೆ.

ಬೇರೆ ಯಾವುದೋ ನಂಬರ್ ಓದಿ ಮೋಸ ಹೋಗುವವರೂ ಇದ್ದಾರೆ. ಮೊದಲ ಎರಡು ಅಂಕಿ 53 ದಾಟಿದ್ದರೆ ಅದು ತಾರೀಖಲ್ಲ, ವರ್ಷಕ್ಕೆ ಅಷ್ಟು ವಾರ ಎಲ್ಲಿಂದ ಬರಬೇಕು? ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನ ಟೈರ್. ಹಳೇ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರ ಮನೆಯಲ್ಲಿ ಇಂಥವು ಇನ್ನೂ ಸಿಗುತ್ತವೆ. ನೋಡಲು ಚೆಂದ, ಓಡಿಸಲು ಬೇಡವೇ ಬೇಡ.

ಮುಂದಿನದು, ಹಿಂದಿನದು ಎರಡನ್ನೂ ಓದಿ. ಹಿಂದಿನ ಟೈರ್ ಬೇಗ ಸವೆಯುವುದರಿಂದ ಅದನ್ನು ಆಗಾಗ ಬದಲಾಯಿಸಿರುತ್ತೇವೆ, ಮುಂದಿನದು ಗಾಡಿ ಕೊಂಡಾಗಿನದೇ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಬೀಳುವುದು ಆ ಮುಂದಿನ ಟೈರಿನ ಮೇಲೆಯೇ.

ಎಷ್ಟು ವರ್ಷ ಆದರೆ ಹಳೆಯದು?

ಹಲವು ಟೈರ್ ಕಂಪನಿಗಳು ಹೇಳುವುದು ಇಷ್ಟು: 5 ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ 10 ವರ್ಷ ಆದ ಮೇಲೆ ಹೇಗೇ ಕಾಣಲಿ, ತೆಗೆದುಬಿಡಿ. ಆ 10 ವರ್ಷ ಕೊನೆಯ ಗಡಿ. ಅಲ್ಲಿಯವರೆಗೆ ಬಾಳುತ್ತದೆ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಬಿಸಿಲಲ್ಲಿ ನಿಲ್ಲುವ ಗಾಡಿಯ ಟೈರ್ ಅದಕ್ಕಿಂತ ಎಷ್ಟೋ ಮುಂಚೆ ಮುಗಿದಿರಬಹುದು.

ನನ್ನ ಲೆಕ್ಕ ಸ್ವಲ್ಪ ಬಿಗಿ. 5 ವರ್ಷದೊಳಗಿದ್ದರೆ ಕೆಳಗಿನ ಪರೀಕ್ಷೆ ಮಾಡಿ ಓಡಿಸುತ್ತೇನೆ. 6 ದಾಟಿದರೆ ಹೊಸದಕ್ಕೆ ದುಡ್ಡು ತೆಗೆದಿಡಲು ಶುರು ಮಾಡುತ್ತೇನೆ. 7 ಆದ ಮೇಲೆ ಮಳೆಯಲ್ಲಿ ಆ ಗಾಡಿ ಹತ್ತುವುದಿಲ್ಲ. ಅತಿಯಾಯಿತು ಅನ್ನುವವರಿದ್ದಾರೆ. ಇರಲಿ, ಬಿದ್ದದ್ದು ನಾನು ಅಲ್ವಾ?

ಹಳೇ ಟೈರಿನ ಅಪಾಯ ಎಂಥದ್ದು ಅನ್ನುವುದಕ್ಕೆ ಬೈಕಿನದಲ್ಲದ ಒಂದು ಉದಾಹರಣೆ ಇದೆ. 2012ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸಂಗೀತ ಉತ್ಸವ ಮುಗಿಸಿ ಬರುತ್ತಿದ್ದ ಬಸ್ಸೊಂದರ ಮುಂದಿನ ಟೈರ್ ಸಿಡಿದು ಬಸ್ ರಸ್ತೆ ಬಿಟ್ಟು ಮರಕ್ಕೆ ಗುದ್ದಿತು. 3 ಜನ ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು. ಅಷ್ಟು ಹಳೇ ಟೈರ್ ಹಾಕಬಾರದು ಎಂಬ ಕಾನೂನು ಆಗ ಅಲ್ಲಿ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರವರಿಯಿಂದ ಲಾರಿ ಮತ್ತು ಬಸ್ಸುಗಳ ಮುಂದಿನ ಚಕ್ರಕ್ಕೆ 10 ವರ್ಷ ಮೀರಿದ ಟೈರ್ ಹಾಕುವಂತಿಲ್ಲ ಎಂಬ ನಿಯಮ ಅಲ್ಲಿ ಬಂತು. ಬೈಕ್ ಆ ನಿಯಮದಲ್ಲಿ ಇಲ್ಲ. ನಮ್ಮ ಟೈರನ್ನು ನಾವೇ ನೋಡಿಕೊಳ್ಳಬೇಕು.

ಬಿರುಕು ಹುಡುಕುವುದು

ಇದಕ್ಕೆ ಪುರುಸೊತ್ತು ಬೇಕು. ಒಂದೊಂದು ಚಕ್ರಕ್ಕೂ ಹತ್ತು ನಿಮಿಷ ಇಟ್ಟುಕೊಳ್ಳಿ.

ಟಾರ್ಚನ್ನು ಟೈರಿಗೆ ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಸಣ್ಣ ಬಿರುಕು ಕಾಣುವುದೇ ಇಲ್ಲ. ಓರೆ ಬೆಳಕಿನಲ್ಲಿ ಅದರ ನೆರಳು ಬಿದ್ದು ಕೂದಲಿನ ಎಳೆಯ ಹಾಗೆ ಎದ್ದು ಕಾಣುತ್ತದೆ.

ಎಲ್ಲರೂ ಪಕ್ಕೆ ನೋಡುತ್ತಾರೆ. ನೀವು ಮೊದಲು ಗೀರುಗಳ ತಳ ನೋಡಿ. ರಸ್ತೆ ತಾಕುವ ಮೇಲ್ಮೈ ಸವೆಯುತ್ತಾ ಹೊಸ ರಬ್ಬರ್ ಹೊರಗೆ ಬರುತ್ತಿರುತ್ತದೆ, ಹಾಗಾಗಿ ಅಲ್ಲಿ ಬಿರುಕು ನಿಲ್ಲುವುದಿಲ್ಲ. ಗೀರಿನ ತಳ ಸವೆಯುವುದಿಲ್ಲ, ಹುಟ್ಟಿದಾಗಿನಿಂದ ಗಾಳಿಗೆ ಒಣಗುತ್ತಾ ಬಿದ್ದಿರುತ್ತದೆ. ನನ್ನ ಟೈರಿನಲ್ಲಿ ಮೇಲೆಲ್ಲ ಕರ್‍ರಗೆ ಚೆನ್ನಾಗಿತ್ತು. ಗೀರಿನೊಳಗೆ ಬ್ರಷ್ ಆಡಿಸಿ ಟಾರ್ಚ್ ಬಿಟ್ಟರೆ ಬೇಸಿಗೆಯಲ್ಲಿ ಕೆರೆಯ ತಳ ಒಣಗಿ ಬಿರಿದ ಹಾಗೆ ಸೀಳು ಸೀಳು.

ಆಮೇಲೆ ಪಕ್ಕೆ. ರಿಮ್ಮಿಗೆ ಅಂಟಿಕೊಂಡಿರುವ ಅಂಚಿನವರೆಗೂ ನೋಡಿ. ಇಲ್ಲೊಂದು ಉಪಾಯವಿದೆ. ಸ್ಟ್ಯಾಂಡ್ ತೆಗೆದು ಯಾರನ್ನಾದರೂ ಗಾಡಿಯ ಮೇಲೆ ಕೂರಿಸಿ, ನೀವು ಕೆಳಗೆ ಕೂತು ಟೈರ್ ನೆಲಕ್ಕೆ ಒತ್ತಿದ ಜಾಗ ನೋಡಿ. ಭಾರಕ್ಕೆ ಪಕ್ಕೆ ಉಬ್ಬಿದಾಗ, ಮುಚ್ಚಿಕೊಂಡಿದ್ದ ಬಿರುಕು ಬಾಯಿ ಬಿಡುತ್ತದೆ. ಗಾಡಿಯನ್ನು ಸ್ವಲ್ಪ ಸ್ವಲ್ಪ ತಳ್ಳಿಸುತ್ತಾ ಇಡೀ ಸುತ್ತು ನೋಡಿ.

ಕೂದಲೆಳೆಯಷ್ಟು ತೆಳುವಾದ, ಉಗುರಿಗೆ ಸಿಗದ ಬಿರುಕು ಕಂಡರೆ ಅದು ಎಚ್ಚರಿಕೆ. ತಕ್ಷಣ ಸಿಡಿಯುತ್ತದೆ ಅಂತಲ್ಲ, ರಬ್ಬರ್ ಒಣಗುತ್ತಿದೆ ಅಂತ ಅರ್ಥ. ಅಂಗಡಿಯಲ್ಲಿ ತೋರಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟಿದ್ದರೆ ಟೈರಿನ ಕಥೆ ಮುಗಿದಿದೆ. ರಬ್ಬರಿನೊಳಗೆ ಬಲಕ್ಕೆ ಹಾಕಿರುವ ದಾರ ಕಂಡರೆ, ಅಥವಾ ಪಕ್ಕೆಯಲ್ಲಿ ಎಲ್ಲಾದರೂ ಬುಗುಟು ಎದ್ದಿದ್ದರೆ ಗಾಡಿಯನ್ನು ಒಂದಡಿ ಕೂಡ ಓಡಿಸಬೇಡಿ. ಬುಗುಟು ಅಂದರೆ ಒಳಗಿನ ದಾರ ಹರಿದು ಗಾಳಿಯನ್ನು ಬರೀ ರಬ್ಬರ್ ತಡೆದು ನಿಂತಿದೆ ಅಂತ.

ಉಗುರು ಒತ್ತಿ ನೋಡಿ

ಗಾಡಿ ನೆರಳಲ್ಲಿ ತಣ್ಣಗೆ ನಿಂತಿರುವಾಗ ಮಾಡಿ. ಬಿಸಿಲಿಗೆ ಕಾದ ರಬ್ಬರ್ ಇರುವುದಕ್ಕಿಂತ ಮೆದುವಾಗಿ ಸಿಗುತ್ತದೆ. ರಸ್ತೆ ತಾಕುವ ಭಾಗಕ್ಕೆ ಹೆಬ್ಬೆರಳಿನ ಉಗುರನ್ನು ಅಡ್ಡವಾಗಿ ಒತ್ತಿ. ಆರೋಗ್ಯವಾದ ರಬ್ಬರ್ ಸ್ವಲ್ಪ ಒಳಗೆ ಹೋಗಿ, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ನಡುವೆ ಒಂದು ಸಲ, ಎರಡೂ ಅಂಚಿನಲ್ಲಿ ಒಂದೊಂದು ಸಲ ಒತ್ತಿ. ಹತ್ತಿರದಲ್ಲಿ ಹೊಸ ಟೈರಿನ ಗಾಡಿ ಇದ್ದರೆ ಅದಕ್ಕೂ ಒತ್ತಿ, ಹೋಲಿಸಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಗಟ್ಟಿತನ ಅಳೆಯಲು ಡ್ಯೂರೋಮೀಟರ್ ಅಂತ ಉಪಕರಣವೇ ಇದೆ, ಉಗುರು ಅದರ ಸಮ ಅಲ್ಲ. ಉಗುರಿಗೆ ಕಲ್ಲಿನ ಹಾಗೆ ಸಿಕ್ಕಿದರೆ ಟೈರ್ ಕೆಟ್ಟಿದೆ ಅಂತ ಧೈರ್ಯವಾಗಿ ಹೇಳಬಹುದು. ಮೆದುವಾಗಿ ಸಿಕ್ಕಿತು ಅಂದ ಮಾತ್ರಕ್ಕೆ ಚೆನ್ನಾಗಿದೆ ಅನ್ನುವಂತಿಲ್ಲ.

ಸವೆತ, ಟ್ಯೂಬು, ವಾಲ್ವು

ಪಕ್ಕೆಯ ಮೇಲ್ಭಾಗದಲ್ಲಿ ಸಣ್ಣ ತ್ರಿಕೋನವೋ, 'ಟಿಡಬ್ಲ್ಯುಐ' (ಸವೆತದ ಗುರುತು ಅಂತ) ಇಂಗ್ಲಿಷ್ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಗೀರಿನೊಳಗೆ ಒಂದು ಪುಟ್ಟ ದಿಬ್ಬ ಇರುತ್ತದೆ. ಸುತ್ತಲ ರಬ್ಬರ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಬೈಕ್ ಟೈರ್‌ಗಳಲ್ಲಿ ಆ ದಿಬ್ಬ ಹೆಚ್ಚಾಗಿ 0.8 ಮಿ.ಮೀ. ಎತ್ತರ ಇರುತ್ತದೆ. ಕಾನೂನಿನ ಮಿತಿ ದೇಶದಿಂದ ದೇಶಕ್ಕೆ ಬೇರೆ, ಬ್ರಿಟನ್ನಿನಲ್ಲಿ 1 ಮಿ.ಮೀ., ಜರ್ಮನಿಯಲ್ಲಿ 1.6. ಮಳೆಯಲ್ಲಿ ಓಡಿಸುವವರು ದಿಬ್ಬ ತಲುಪುವವರೆಗೆ ಕಾಯುವುದು ಬೇಡ. ನೀರನ್ನು ಹೊರಗೆ ತಳ್ಳುವುದೇ ಗೀರಿನ ಕೆಲಸ, ಆಳ ಕಡಿಮೆಯಾದಷ್ಟೂ ಆ ಕೆಲಸ ಕೆಡುತ್ತದೆ.

ಟ್ಯೂಬ್ ಇರುವ ಟೈರಾದರೆ ಒಳಗಿನ ಟ್ಯೂಬಿಗೂ ಅಷ್ಟೇ ವಯಸ್ಸಾಗಿರುತ್ತದೆ ಅನ್ನುವುದನ್ನು ಮರೆಯುತ್ತೇವೆ. ಅಪಾಯ ಇಲ್ಲಿ ಜಾಸ್ತಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಇಳಿಯುವುದೇ ಹೆಚ್ಚು. ಹಳೇ ಟ್ಯೂಬ್ ಸೀಳಿದರೆ ಕ್ಷಣದಲ್ಲಿ ಖಾಲಿ. ಟ್ಯೂಬ್‌ಲೆಸ್ ಇದ್ದರೆ ವಾಲ್ವಿನ ರಬ್ಬರ್ ಬುಡವನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಅಲ್ಲಿ ಬಿರುಕು ಕಂಡರೆ ವಾಲ್ವು ಬದಲಾಯಿಸಿ, ಅದು ಟೈರಿನ ಮುಂದೆ ಜುಜುಬಿ ಖರ್ಚು.

ಅಂಗಡಿಯವರೆಗೆ ಹೇಗೆ ಹೋಗುವುದು?

'ಇಲ್ಲೇ ಅಲ್ವಾ, ನಿಧಾನಕ್ಕೆ ಹೋದರಾಯ್ತು' ಅನ್ನುವ ಮಾತನ್ನು ನಾನೂ ಹೇಳಿಕೊಂಡಿದ್ದೆ. ಬುಗುಟು, ದಾರ, ಆಳವಾದ ಬಿರುಕು ಇದ್ದರೆ ಹೋಗಬೇಡಿ. ಚಕ್ರ ಬಿಚ್ಚಿ ಒಯ್ಯಿರಿ, ಇಲ್ಲವೇ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿ.

ವಯಸ್ಸು ಆಗಿದೆ, ಗಟ್ಟಿಯಾಗಿದೆ, ಬೇರೆ ತೊಂದರೆ ಕಾಣುತ್ತಿಲ್ಲ ಅಂದರೆ ಹತ್ತಿರದ ಅಂಗಡಿಗೆ ಹೋಗಬಹುದು. ರಸ್ತೆ ಒಣಗಿರಬೇಕು, ಹಗಲಾಗಿರಬೇಕು, ಹಿಂದೆ ಯಾರೂ ಕೂರಬಾರದು. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ, ಕಂಪನಿ ಹೇಳಿದಷ್ಟು ಗಾಳಿ ಹಾಕಿ. ಹಳೇ ಟೈರಿಗೆ ಯಾಕೆ ರಿಸ್ಕು ಅಂತ ಕಡಿಮೆ ಗಾಳಿ ಹಾಕುವವರಿದ್ದಾರೆ, ಅದು ಉಲ್ಟಾ ಲೆಕ್ಕ. ಗಾಳಿ ಕಡಿಮೆಯಾದರೆ ಪಕ್ಕೆ ಜಾಸ್ತಿ ಬಳುಕುತ್ತದೆ, ಬಿಸಿಯಾಗುತ್ತದೆ. ಒಣಗಿದ ಟೈರಿಗೆ ಬೇಡದಿರುವುದೇ ಆ ಬಿಸಿ. ತಿರುವಿನಲ್ಲಿ ಗಾಡಿ ವಾಲಿಸಬೇಡಿ, ಅದಕ್ಕೂ ಮುಂಚೆಯೇ ಸ್ಪೀಡ್ ಇಳಿಸಿ. ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಆಯಿಲ್ ಚೆಲ್ಲಿದ ಜಾಗ ಬಿಟ್ಟು ಹೋಗಿ. ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯದೆ ಮೆಲ್ಲಗೆ ಒತ್ತಿ. ದಾರಿಯಲ್ಲಿ ಹ್ಯಾಂಡಲ್ ಅದುರಿದರೆ ಅಥವಾ ಹಿಂದಿನ ಭಾಗ ಓಲಾಡಿದ ಹಾಗನಿಸಿದರೆ, ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು, ಗಾಡಿ ನೇರ ಇಟ್ಟುಕೊಂಡು ಪಕ್ಕಕ್ಕೆ ಬನ್ನಿ.

ಹೊಸದು ಕೊಳ್ಳುವಾಗ

ಅಂಗಡಿಯಲ್ಲಿ ಹೊಸದು ಅಂತ ಕೊಟ್ಟದ್ದಕ್ಕೂ ತಾರೀಖು ಓದಿ. ರಿಮ್ಮಿಗೆ ಹಾಕುವ ಮುಂಚೆಯೇ ಓದಿ, ಹಾಕಿದ ಮೇಲೆ ಜಗಳಕ್ಕೆ ಅರ್ಥವಿಲ್ಲ. ನೆರಳಲ್ಲಿ ಸರಿಯಾಗಿ ಇಟ್ಟಿದ್ದ ಟೈರ್ ಒಂದು ವರ್ಷ ಹಳೆಯದಾದರೆ ಚಿಂತೆಯಿಲ್ಲ. ಎರಡು ದಾಟಿದ್ದರೆ ನಾನಂತೂ ಬೇರೆ ಕೇಳುತ್ತೇನೆ.

ಅಳತೆ, ಭಾರದ ಅಂಕಿ, ವೇಗದ ಅಕ್ಷರ ಮೂರೂ ಗಾಡಿಯ ಪುಸ್ತಕದಲ್ಲಿ ಇರುವ ಹಾಗೇ ಇರಲಿ. ವೇಗದ ಅಕ್ಷರ 'ಪಿ' ಆದರೆ ಗಂಟೆಗೆ 150 ಕಿ.ಮೀ. ವರೆಗೆ, 'ಎಸ್' ಆದರೆ 180, 'ಎಚ್' ಆದರೆ 210. ಒಂದು ಕಡೆ ರೇಡಿಯಲ್ (ಒಳಗಿನ ದಾರ ಅಡ್ಡಕ್ಕೆ ನೇರವಾಗಿರುವುದು), ಇನ್ನೊಂದು ಕಡೆ ಸಾದಾ (ದಾರ ಓರೆಯಾಗಿರುವ) ಟೈರ್ ಬೆರೆಸುವುದಾದರೆ ಗಾಡಿ ಕಂಪನಿ ಅದಕ್ಕೆ ಒಪ್ಪಿದೆಯಾ ನೋಡಿ. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಟ್ಯೂಬ್ ಇದ್ದರೆ ಅದೂ ಹೊಸದಾಗಲಿ. ಮೊದಲ 150 ಕಿ.ಮೀ. ಸಮಾಧಾನವಾಗಿ ಓಡಿಸಿ, ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಹೊಸದು ಹಾಕಿಸಿದ ಖುಷಿಯಲ್ಲಿ ಅಂಗಡಿ ಬಾಗಿಲಲ್ಲೇ ಬಿದ್ದವರನ್ನು ನೋಡಿದ್ದೇನೆ.

ಯಾರೋ ಬಳಸಿ ಬಿಟ್ಟ ಟೈರ್ ಕಡಿಮೆಗೆ ಸಿಗುತ್ತದೆ ಅಂದರೆ ಬೇಡ. ಅದು ಎಲ್ಲಿ ನಿಂತಿತ್ತು, ಒಳಗೆ ಏನಾಗಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ.

ಗಾಡಿ ನಿಲ್ಲಿಸಿಡಬೇಕಾದರೆ

ತಿಂಗಳುಗಟ್ಟಲೆ ಓಡಿಸುವುದಿಲ್ಲ ಅಂದರೆ ಡಬಲ್ ಸ್ಟ್ಯಾಂಡ್ ಹಾಕಿ, ಆದರೆ ಎರಡೂ ಚಕ್ರ ನೆಲ ಬಿಟ್ಟಿರುವ ಹಾಗೆ ಹಲಗೆ ಕೊಡಿ. ಆಗದಿದ್ದರೆ ವಾರಕ್ಕೊಮ್ಮೆ ಚಕ್ರ ಅರ್ಧ ಸುತ್ತು ತಿರುಗುವಷ್ಟು ಗಾಡಿಯನ್ನು ತಳ್ಳಿ, ಒಂದೇ ಕಡೆ ಒತ್ತಿ ಚಪ್ಪಟೆ ಆಗುವುದಿಲ್ಲ. ಗಾಳಿ ತಿಂಗಳಿಗೊಮ್ಮೆ ನೋಡಿ. ಬಿಸಿಲು, ಪೆಟ್ರೋಲ್, ಗ್ರೀಸು ಟೈರಿಗೆ ತಾಗದಿರಲಿ. ಪಂಪಿನ ಮೋಟಾರು, ವೆಲ್ಡಿಂಗ್ ಯಂತ್ರದ ಪಕ್ಕ ನಿಲ್ಲಿಸಬೇಡಿ. ಅವುಗಳ ಕಿಡಿಯಿಂದ ಓಜೋನ್ ಹುಟ್ಟಬಹುದು, ರಬ್ಬರ್ ಬಿರಿಯಲು ಅದು ಸಾಕು. ನನ್ನ ಬೈಕ್ ಮೂರು ವರ್ಷ ನಿಂತದ್ದು ಸರಿಯಾಗಿ ಪಂಪಿನ ಮೋಟಾರಿನ ಪಕ್ಕ!

ಹೊಳೆಯಲಿ ಅಂತ ಟೈರ್ ಪಾಲಿಶ್ ಹಚ್ಚುವುದು ಕಾರಿನವರಿಗೆ ಇರಲಿ. ಬೈಕಿನ ಟೈರ್ ಅಂಚಿನ ಮೇಲೂ ನಿಲ್ಲಬೇಕಾಗುತ್ತದೆ, ಅಲ್ಲಿ ಪಾಲಿಶ್ ಜಾರಿಸುತ್ತದೆ.

ಆ ಹಳೇ ಟೈರನ್ನು ಅಂಗಡಿಯಲ್ಲಿ ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ನೋಡಲು ಅಷ್ಟು ಚೆನ್ನಾಗಿತ್ತು, ಸಂಜೆಯೊಳಗೆ ಯಾರದೋ ಗಾಡಿ ಸೇರುತ್ತಿತ್ತು. ಅಂಗಡಿಯವನ ಹತ್ತಿರ ಚಾಕು ಕೇಳಿ ಪಕ್ಕೆಯನ್ನು ಉದ್ದಕ್ಕೆ ಕೊಯ್ದೆ. 'ಸಾರ್, ಇನ್ನೂ ಒಂದು ವರ್ಷ ಓಡ್ತಿತ್ತಲ್ಲ' ಅಂದ ಅವನು. ಕೊಯ್ದ ತುಂಡನ್ನು ಬಾಗಿಸಿ ಕೈಗೆ ಕೊಟ್ಟೆ. ಬಿರುಕುಗಳೆಲ್ಲ ಬಾಯಿ ಬಿಟ್ಟಿದ್ದವು, ಒಳಗೆ ಬಿಳಿ ದಾರ ಕಾಣುತ್ತಿತ್ತು.